ಖಾಲಿ ಕಾಣುವ ಕಡಲತಡಿ

ಕೆನಡಾದ ಪೂರ್ವ ಕರಾವಳಿಗೆ ಕಾರಿನಲ್ಲಿ ಹೊರಡುವವರು ಸಾಮಾನ್ಯವಾಗಿ ಎರಡು ಪಟ್ಟಿ ಮಾಡಿಕೊಂಡಿರುತ್ತಾರೆ. ಒಂದು ರಾಷ್ಟ್ರೀಯ ಉದ್ಯಾನಗಳದ್ದು: ಫಂಡಿ, ಕೂಶಿಬೂಗ್ವಾಕ್, ಕೇಪ್ ಬ್ರೆಟನ್ ಹೈಲ್ಯಾಂಡ್ಸ್. ಇನ್ನೊಂದು ಫ್ರೆಂಚ್ ಮಾತಾಡುವ ಅಕಾಡಿಯನ್ನರ ಊರುಗಳದ್ದು: ಶೆಡಿಯಾಕ್, ಬುಕ್‌ಟೂಷ್, ಕ್ಯಾರಕೆಟ್, ಶೆಟಿಕ್ಯಾಂಪ್. ಉದ್ಯಾನಕ್ಕೆ ಹೋಗುವುದು ಮರಳು, ಕಾಡು, ಹಕ್ಕಿ ನೋಡಲಿಕ್ಕೆ. ಊರಿಗೆ ಹೋಗುವುದು ಲಾಬ್‌ಸ್ಟರ್ ತಿನ್ನಲಿಕ್ಕೆ, ಪಿಟೀಲು ಕೇಳಲಿಕ್ಕೆ. ಒಂದು ನಿಸರ್ಗ, ಇನ್ನೊಂದು ಸಂಸ್ಕೃತಿ. ಎರಡರ ನಡುವೆ ಹೆದ್ದಾರಿ, ಅದನ್ನು ಆದಷ್ಟು ಬೇಗ ದಾಟಿಬಿಡಬೇಕು. ಈ ವಿಂಗಡಣೆಯೇ ಸರಿಯಿಲ್ಲ ಎನ್ನುವುದು ನನ್ನ ವಾದ. ಈ ಕರಾವಳಿಯಲ್ಲಿ ಊರುಗಳು ಇರುವ ಜಾಗದಲ್ಲಿ ಇರುವುದಕ್ಕೆ ಒಂದು ಕಾರಣವಿದೆ, ಉದ್ಯಾನಗಳು ನಿರ್ಜನವಾಗಿ ಇರುವುದಕ್ಕೂ ಒಂದು ಕಾರಣವಿದೆ, ಮತ್ತು ಎರಡೂ ಕಾರಣಗಳಿಗೆ ನಂಟಿದೆ. ಅವಸರದಲ್ಲಿ ಹೋದವರಿಗೆ ಒಂದು ಕಡೆ ಚೆಂದದ ನೋಟ, ಇನ್ನೊಂದು ಕಡೆ ಚೆಂದದ ಉತ್ಸವ ಸಿಗುತ್ತದೆ. ನಂಟು ಮಾತ್ರ ಕೈತಪ್ಪುತ್ತದೆ. ಆದ್ದರಿಂದ ಇಲ್ಲಿ ನಿಧಾನವಾಗಿ ಸಾಗುವುದನ್ನು ನಾನು ಬಿಡುವಿನ ಸುಖವೆಂದು ಮಾತ್ರ ಎಣಿಸುವುದಿಲ್ಲ. ನೋಡಿದ್ದು ಅರ್ಥವಾಗಬೇಕಾದರೆ ಬೇರೆ ದಾರಿಯೇ ಇಲ್ಲ.

ಮೊದಲು ಊರುಗಳ ವಿಚಾರ. ಫ್ರೆಂಚರು 1605ರಲ್ಲಿ ಈಗಿನ ನೋವಾ ಸ್ಕೋಶಿಯದಲ್ಲಿ ಪೋರ್ಟ್ ರಾಯಲ್ ಎಂಬ ನೆಲೆ ಕಟ್ಟಿದರು. ಮುಂದಿನ ದಶಕಗಳಲ್ಲಿ ಬಂದು ಬೇರೂರಿ ಅಕಾಡಿಯನ್ನರೆನಿಸಿದ ರೈತ ಕುಟುಂಬಗಳು ಬೇಸಾಯದ ನೆಲವನ್ನು ಕಾಡು ಕಡಿದು ಪಡೆದದ್ದಕ್ಕಿಂತ ಹೆಚ್ಚಾಗಿ ಸಮುದ್ರದಿಂದ ಪಡೆದವು. ಫಂಡಿ ಕೊಲ್ಲಿಯ ಉಬ್ಬರ ಜಗತ್ತಿನಲ್ಲೇ ಅತಿ ಎತ್ತರದ್ದು. ಕೊಲ್ಲಿಯ ಒಳತುದಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 16 ಮೀಟರ್‌ವರೆಗೆ ಅಂತರವಿರುತ್ತದೆ. ಅಲ್ಲಿನ ಉಪ್ಪು ಜೌಗಿನ ಅಂಚಿನಲ್ಲಿ ಹುಲ್ಲು ಬೇರು ಸಮೇತ ಕಡಿದ ಮಣ್ಣಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಅವರು ಒಡ್ಡು ಹಾಕಿದರು. ಒಡ್ಡಿನ ಬುಡದಲ್ಲಿ ಮರದ ತೂಬು, ತೂಬಿನೊಳಗೆ ಮೇಲಿನಿಂದ ತೂಗುಬಿಟ್ಟ ಒಂದು ಹಲಗೆ. ಇಳಿತದ ಹೊತ್ತಿನಲ್ಲಿ ಒಳಗೆ ನಿಂತ ಮಳೆನೀರು ಹಲಗೆಯನ್ನು ತಳ್ಳಿಕೊಂಡು ಹೊರಗೆ ಹರಿಯುತ್ತದೆ. ಉಬ್ಬರ ಏರಿದಾಗ ಸಮುದ್ರದ ನೀರೇ ಹಲಗೆಯನ್ನು ಒತ್ತಿ ಬಾಗಿಲು ಹಾಕುತ್ತದೆ. ಹಗಲು ರಾತ್ರಿ ಕಾಯಲು ಆಳು ಬೇಡ. ಕೆಲವು ವರ್ಷಗಳ ಮಳೆ, ಹಿಮ ಮಣ್ಣಿನ ಉಪ್ಪನ್ನೆಲ್ಲ ತೊಳೆದ ಮೇಲೆ ಅದೇ ನೆಲದಲ್ಲಿ ಗೋಧಿ ಬೆಳೆಯುತ್ತದೆ, ದನಕ್ಕೆ ಹುಲ್ಲು ಬೆಳೆಯುತ್ತದೆ. ಈ ಏರ್ಪಾಟಿಗೆ ಅವರು ಅಬ್ವಾತೋ ಎನ್ನುತ್ತಾರೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಗಳನ್ನೂ ಅಲ್ಲಿನ ಒಡ್ಡು, ತೂಬು, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತವನ್ನೂ ಬಲ್ಲವರಿಗೆ ಇದರ ಜಾಣ್ಮೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಒಡ್ಡನ್ನು ಒಂದು ಮನೆಯವರು ಹಾಕಲೂ ಆಗದು, ಕಾಪಾಡಲೂ ಆಗದು. ಒಂದು ಕಡೆ ಬಿರುಕು ಬಿಟ್ಟರೆ ಎಲ್ಲರ ಹೊಲಕ್ಕೂ ಉಪ್ಪು ನುಗ್ಗುತ್ತದೆ. ಹಾಗಾಗಿ ಊರೆಂದರೆ ಇವರಿಗೆ ಒಡ್ಡು ಕಾಯುವ ಕೂಟವೂ ಆಗಿತ್ತು. 1680ರ ದಶಕದಲ್ಲಿ ಆರಂಭವಾದ ಗ್ರಾಂ ಪ್ರೇಯ ಒಡ್ಡುಗಳ ಹಿಂದಿನ ಬಯಲಿನಲ್ಲಿ ಇವತ್ತಿಗೂ ಬೇಸಾಯ ನಡೆಯುತ್ತಿದೆ. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು.

ಆದರೆ ಈಗ ಅಲ್ಲಿ ಉಳುತ್ತಿರುವವರು ಒಡ್ಡು ಕಟ್ಟಿದವರ ಮಕ್ಕಳಲ್ಲ. 1713ರ ಒಪ್ಪಂದದಲ್ಲಿ ಈ ನಾಡು ಬ್ರಿಟಿಷರ ಕೈಗೆ ಬಂತು. ಯಾವ ಯುದ್ಧದಲ್ಲೂ ಯಾರ ಪರವಾಗಿಯೂ ಕೋವಿ ಹಿಡಿಯುವುದಿಲ್ಲ ಎಂದು ಅಕಾಡಿಯನ್ನರು ಪಟ್ಟು ಹಿಡಿದರು. ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಬೇಕೆಂದು ಬ್ರಿಟಿಷ್ ಆಡಳಿತ ಪಟ್ಟು ಹಿಡಿಯಿತು. ಕೊನೆಗೆ ಗವರ್ನರ್ ಸ್ಥಾನದಲ್ಲಿದ್ದ ಚಾರ್ಲ್ಸ್ ಲಾರೆನ್ಸ್ ಇಡೀ ಜನಾಂಗವನ್ನೇ ಹೊರಹಾಕುವ ತೀರ್ಮಾನಕ್ಕೆ ಬಂದ. 1755ರ ಸೆಪ್ಟೆಂಬರ್ 5ರಂದು ಗ್ರಾಂ ಪ್ರೇಯ ಚರ್ಚಿಗೆ ಗಂಡಸರನ್ನೂ ಹುಡುಗರನ್ನೂ ಕರೆಸಿ, ನಿಮ್ಮ ನೆಲ, ದನಕರು ಎಲ್ಲ ರಾಜನದ್ದು ಎಂದು ಓದಿ ಹೇಳಿದರು. ಮುಂದಿನ ಏಳೆಂಟು ವರ್ಷಗಳಲ್ಲಿ 10,000ಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಅಮೆರಿಕದ ವಸಾಹತುಗಳಿಗೆ, ಇಂಗ್ಲೆಂಡಿಗೆ, ಫ್ರಾನ್ಸಿಗೆ ಚದುರಿಸಿದರು. ಊರುಗಳಿಗೆ ಬೆಂಕಿ ಇಟ್ಟರು. ಒಡ್ಡಿನ ಗದ್ದೆಗಳನ್ನು ನ್ಯೂ ಇಂಗ್ಲೆಂಡಿನಿಂದ ಬಂದ ಹೊಸ ಒಕ್ಕಲುಗಳಿಗೆ ಕೊಟ್ಟರು. ಅವರಿಗೆ ಒಡ್ಡಿನ ಕೆಲಸ ಗೊತ್ತಿಲ್ಲದೆ, ರಿಪೇರಿಗೆ ಸೆರೆಯಲ್ಲಿದ್ದ ಅಕಾಡಿಯನ್ನರನ್ನೇ ಕೂಲಿಗೆ ಹಚ್ಚಬೇಕಾಯಿತು. ಈ ಒಂದು ಸಂಗತಿ ನನಗೆ ಇಡೀ ಚರಿತ್ರೆಯಲ್ಲೇ ಅತಿ ಕಠೋರವಾದದ್ದಾಗಿ ಕಾಣುತ್ತದೆ. ತಮ್ಮ ಅಜ್ಜಂದಿರು ಕಟ್ಟಿದ ಒಡ್ಡನ್ನು ಪರರ ಹೊಲಕ್ಕಾಗಿ ದಿನಗೂಲಿಗೆ ಸರಿಮಾಡಿಕೊಡುವುದು!

1764ರಿಂದ ಸಣ್ಣ ಸಣ್ಣ ಗುಂಪುಗಳಲ್ಲಿ ಮರಳಲು ಅಪ್ಪಣೆ ಸಿಕ್ಕಿತು. ಹಳೆಯ ನೆಲ ಕೈಬಿಟ್ಟಿತ್ತು. ಉಳಿದದ್ದು ಯಾರಿಗೂ ಬೇಡವಾದ ತಡಿ: ನೋವಾ ಸ್ಕೋಶಿಯದ ನೈರುತ್ಯದ ಸೇಂಟ್ ಮೇರಿ ಕೊಲ್ಲಿಯ ಕಲ್ಲುನೆಲ, ಕೇಪ್ ಬ್ರೆಟನ್‌ನ ಶೆಟಿಕ್ಯಾಂಪ್, ನ್ಯೂ ಬ್ರನ್ಸ್‌ವಿಕ್‌ನ ಪೂರ್ವ ಮತ್ತು ಈಶಾನ್ಯ ತೀರ. ಒಡ್ಡು ಕಟ್ಟಿದ ರೈತರು ಇಲ್ಲಿ ಮೀನುಗಾರರಾದರು. ಮೀನು ಕೊಳ್ಳುತ್ತಿದ್ದದ್ದು ಜೆರ್ಸಿ ದ್ವೀಪದಿಂದ ಬಂದ ವ್ಯಾಪಾರಿಗಳು; ಬಲೆ, ಉಪ್ಪು, ಹಿಟ್ಟು ಸಾಲಕ್ಕೆ ಕೊಡುತ್ತಿದ್ದದ್ದೂ ಅವರೇ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಮೀನುಗಾರನ ಕೈಗೆ ದುಡ್ಡು ಬರುತ್ತಿರಲಿಲ್ಲ, ಸಾಲ ಮಾತ್ರ ಮುಂದಿನ ವರ್ಷಕ್ಕೆ ದಾಟುತ್ತಿತ್ತು. ಪ್ರತಿ ಮನೆಗೂ ದೋಣಿ ಇಳಿಸಲು ನೀರಿನಂಚು ಬೇಕಾದ್ದರಿಂದ ಊರು ಗುಂಪಾಗಿ ಬೆಳೆಯದೆ ತೀರದುದ್ದಕ್ಕೆ ಸಾಲಾಗಿ ಹಬ್ಬಿತು. ಕ್ಯಾರಕೆಟ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕಾರಿನಲ್ಲಿ ಕೂತವರಿಗೆ ತಿಳಿಯದಿರುವುದು ಇದರಿಂದಲೇ. ಒಂದು ಚರ್ಚು, ಒಂದು ಬಂದರುಕಟ್ಟೆ, ಮನೆ, ಮನೆ, ಮನೆ, ಮತ್ತೆ ಇನ್ನೊಂದು ಚರ್ಚು. ಅಂಗಳದ ಕಂಬಗಳ ಮೇಲೆ 1884ರಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಿಸ್ಕೂಷ್‌ನಲ್ಲಿ ಒಪ್ಪಿಕೊಂಡ ಧ್ವಜ: ಫ್ರಾನ್ಸಿನ ಮೂರು ಬಣ್ಣ, ನೀಲಿಯ ಮೇಲೆ ಒಂದು ಹಳದಿ ನಕ್ಷತ್ರ. ಹೀಗಾಗಿ ಇಲ್ಲಿ ಊರಿಗೆ ಹೋಗುವ ದಾರಿಯೇ ಊರು. ದಾರಿಯನ್ನು ಬೇಗ ದಾಟಿದವರು ಊರನ್ನೂ ದಾಟಿಬಿಟ್ಟಿರುತ್ತಾರೆ.

ಇನ್ನು ಉದ್ಯಾನಗಳು. ಇಪ್ಪತ್ತನೆಯ ಶತಮಾನದ ಬಹುಪಾಲು ಕೆನಡಾದ ನೀತಿ ಹೀಗಿತ್ತು: ರಾಷ್ಟ್ರೀಯ ಉದ್ಯಾನದೊಳಗೆ ಜನ ಇರಕೂಡದು, ಪ್ರಾಂತ್ಯ ಸರ್ಕಾರ ನೆಲವನ್ನು ಖಾಲಿ ಮಾಡಿಸಿ ಒಪ್ಪಿಸಬೇಕು. 1936ರಲ್ಲಿ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ಆದಾಗ ಶೆಟಿಕ್ಯಾಂಪ್‌ನ ಉತ್ತರಕ್ಕಿದ್ದ ಕ್ಯಾಪ್ ರೂಜ್‌ನ ಅಕಾಡಿಯನ್ ಕುಟುಂಬಗಳು ಜಾಗ ಬಿಡಬೇಕಾಯಿತು. ಈಗ ಅಲ್ಲಿ ಬಟ್ಟರೋ ಎಂಬ ಕಾಲುದಾರಿಯಿದೆ; ಅದರಲ್ಲಿ ನಡೆದರೆ ಹಳೆಯ ಮನೆಗಳ ತಳಪಾಯದ ಕುರುಹು ಸಿಗುತ್ತದೆ. ಪ್ರಸಿದ್ಧ ಕ್ಯಾಬಟ್ ಟ್ರೇಲ್ ರಸ್ತೆಯ ಸುಮಾರು 300 ಕಿಲೋಮೀಟರ್ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವವರು ಬಹಳ ಮಂದಿ. ಅಂಥವರಿಗೆ ಆ ತಳಪಾಯ ಕಾಣುವ ಸಂಭವ ಇಲ್ಲವೆಂದೇ ಹೇಳಬೇಕು.

ಕೂಶಿಬೂಗ್ವಾಕ್‌ನ ಕಥೆ ಇನ್ನೂ ಹತ್ತಿರದ್ದು, ಇನ್ನೂ ಕಹಿಯಾದದ್ದು. 1969ರಲ್ಲಿ ಒಟ್ಟಾವ ಮತ್ತು ನ್ಯೂ ಬ್ರನ್ಸ್‌ವಿಕ್ ಸರ್ಕಾರಗಳು ಒಪ್ಪಂದ ಮಾಡಿಕೊಂಡು 238 ಚದರ ಕಿಲೋಮೀಟರ್ ನೆಲವನ್ನು ಉದ್ಯಾನಕ್ಕೆ ತೆಗೆದಿಟ್ಟವು. ಅಲ್ಲಿ ಹಲವು ಹಳ್ಳಿಗಳಿದ್ದವು, ಸುಮಾರು 1,200 ಜನ, ಹೆಚ್ಚಿನವರು ಅಕಾಡಿಯನ್ನರು. ಮೀನು, ಚಿಪ್ಪು, ಬೆರ್ರಿ ಹಣ್ಣು, ಒಂದಿಷ್ಟು ಆಲೂಗಡ್ಡೆ, ಒಂದಿಷ್ಟು ಮರ: ಇವರ ಜೀವನ ಹಲವು ಎಳೆಗಳಿಂದ ನೇಯ್ದದ್ದು. ಅಧಿಕಾರಿಗಳ ಕಾಗದದಲ್ಲಿ ನಗದು ಆದಾಯ ಮಾತ್ರ ಲೆಕ್ಕಕ್ಕೆ ಬಂದು, ಇವರು ಬಡವರು, ಎಬ್ಬಿಸಿದರೆ ಇವರಿಗೇ ಒಳ್ಳೆಯದು ಎಂಬ ತೀರ್ಮಾನ ಬಂತು. ಇದರಲ್ಲಿ ಒಂದು ಕಷ್ಟದ ಸತ್ಯವಿದೆ. ಆಗ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಲೂಯಿ ರೋಬಿಶೋ ಸ್ವತಃ ಅಕಾಡಿಯನ್ನರು, ಚುನಾಯಿತರಾಗಿ ಆ ಪದವಿಗೆ ಏರಿದ ಮೊದಲ ಅಕಾಡಿಯನ್ನರು. ಅದೇ 1969ರಲ್ಲಿ ಫ್ರೆಂಚಿಗೆ ಇಂಗ್ಲಿಷಿನೊಂದಿಗೆ ಸಮಾನ ಆಡಳಿತ ಭಾಷೆಯ ಸ್ಥಾನ ಕೊಡಿಸಿದವರೂ ಅವರೇ. ಆದ್ದರಿಂದ 1755ನ್ನು ನೇರವಾಗಿ 1969ಕ್ಕೆ ಹೋಲಿಸಿ ಇಂಗ್ಲಿಷರು ಫ್ರೆಂಚರನ್ನು ಮತ್ತೆ ಓಡಿಸಿದರು ಎಂದರೆ ತಪ್ಪಾಗುತ್ತದೆ. 1948ರ ಫಂಡಿ ಉದ್ಯಾನಕ್ಕಾಗಿ ನೆಲ ಬಿಟ್ಟವರು ಬಹುತೇಕ ಇಂಗ್ಲಿಷ್ ಮಾತಿನವರೇ. ದ್ವೇಷಕ್ಕಿಂತ ಆಳವಾದ ಒಂದು ಕಲ್ಪನೆ ಇಲ್ಲಿ ಕೆಲಸ ಮಾಡಿದೆ: ಮನುಷ್ಯನಿಲ್ಲದ ನಿಸರ್ಗವೇ ಶುದ್ಧ ನಿಸರ್ಗ ಎನ್ನುವುದು. ಆದರೆ ಎಬ್ಬಿಸಲ್ಪಟ್ಟವರ ನೆನಪಿನಲ್ಲಿ ಎರಡು ಘಟನೆಗಳೂ ಒಂದೇ ಸಾಲಿನಲ್ಲಿ ಕೂತವು. ಅವರನ್ನು ಯಾರು ತಪ್ಪೆಂದಾರು? ಜಾಕಿ ವೋಟೂರ್ ಎಂಬ ಮೀನುಗಾರ ಕದಲಲಿಲ್ಲ. 1976ರಲ್ಲಿ ಅವರ ಮನೆಯನ್ನು ಬುಲ್ಡೋಜರ್ ಬಿಟ್ಟು ಕೆಡವಿದರು. 1978ರಲ್ಲಿ ಅವರು ಮರಳಿ ಬಂದು ಅದೇ ನೆಲದಲ್ಲಿ ಗುಡಿಸಲು ಹಾಕಿ, 2021ರಲ್ಲಿ ಸಾಯುವವರೆಗೂ ಹಕ್ಕು ಬಿಡಲಿಲ್ಲ. ಪ್ರತಿಭಟನೆಗಳಿಂದಾಗಿ ಉದ್ಯಾನದ ಅಧಿಕೃತ ಉದ್ಘಾಟನೆ 1979ರವರೆಗೆ ತಳ್ಳಿಹೋಯಿತು. 1981ರಲ್ಲಿ ವಿಶೇಷ ವಿಚಾರಣಾ ವರದಿ ಬಂತು. ಜನವಸತಿಯನ್ನು ಬಲವಂತವಾಗಿ ಎಬ್ಬಿಸಿ ಉದ್ಯಾನ ಮಾಡುವ ನೀತಿಯನ್ನು ಕೆನಡಾ ಕೈಬಿಟ್ಟಿತು. ಇಂದು ದೇಶದ ಬೇರೆ ಉದ್ಯಾನಗಳ ಬಳಿ ಊರುಗಳು ಉಳಿದಿದ್ದರೆ ಅದರಲ್ಲಿ ಈ ಮೀನುಗಾರರ ಹಟದ ಪಾಲಿದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಕೂಶಿಬೂಗ್ವಾಕ್‌ನ ಹೊರಅಂಚಿನಲ್ಲಿ ಸುಮಾರು 25 ಕಿಲೋಮೀಟರ್ ಉದ್ದದ ಮರಳದಿಣ್ಣೆಯ ದ್ವೀಪಗಳಿವೆ. ಅಲ್ಲಿ ಅಳಿವಿನಂಚಿನ ಪೈಪಿಂಗ್ ಪ್ಲೋವರ್ ಎಂಬ ಪುಟ್ಟ ಹಕ್ಕಿ ಬರಿ ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ರೀವ ಹಕ್ಕಿಗಳ ದೊಡ್ಡ ಬೀಡಿದೆ. ಬೂದು ಸೀಲುಗಳು ಬಿಸಿಲು ಕಾಯುತ್ತವೆ. ಉದ್ಯಾನ ಆಗದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಅಲ್ಲಿ ರೆಸಾರ್ಟು, ಬೇಸಿಗೆ ಮನೆ, ಮರಳಿನ ಮೇಲೆ ಓಡುವ ಬಂಡಿ ತುಂಬಿರುತ್ತಿದ್ದವು ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ತೀರದ ಬೇರೆ ಕಡೆಗಳಲ್ಲಿ ಹಾಗೆ ಆಗಿದೆ. ಆ ಹಕ್ಕಿ ಉಳಿಯಲೇಬೇಕು ಎನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಹಕ್ಕಿ ಗೂಡು ಮಾಡುವುದು ಹೊರಗಿನ ದಿಣ್ಣೆಗಳ ಮೇಲೆ. ಮನೆಗಳಿದ್ದದ್ದು ಒಳನಾಡಿನ ನೆಲದ ಮೇಲೆ. ಹಕ್ಕಿಗೆ ಬೇಕಾದದ್ದು ಮೊಟ್ಟೆ, ಮರಿಯ ತಿಂಗಳುಗಳಲ್ಲಿ ಕಾಲ್ತುಳಿತ, ನಾಯಿ, ವಾಹನಗಳಿಂದ ರಕ್ಷಣೆ. ಅದಕ್ಕೆ ಹಳ್ಳಿಗಳನ್ನೇ ತೆಗೆಯಬೇಕಿತ್ತೆ? ಸ್ವಲ್ಪ ದಕ್ಷಿಣಕ್ಕೆ ಬುಕ್‌ಟೂಷ್‌ನ 12 ಕಿಲೋಮೀಟರ್ ಮರಳದಿಣ್ಣೆಯ ಮೇಲೆ ಜನರಿಗೆ ಹಲಗೆಯ ಕಾಲುದಾರಿ ಹಾಕಿ, ಮರಳು ಹಿಡಿದಿಡುವ ಹುಲ್ಲನ್ನು ಯಾರೂ ತುಳಿಯದಂತೆ ನೋಡಿಕೊಳ್ಳುತ್ತಾರೆ. ದಿಣ್ಣೆ ಕಾಯುವ ಉಪಾಯ ಇಷ್ಟು ಸರಳವಾಗಿಯೂ ಇರಬಲ್ಲದು. ಕೆನಡಾವೇ 1973ರ ಗ್ರೋಸ್ ಮೋರ್ನ್ ಉದ್ಯಾನದಲ್ಲಿ ಹಲವು ಊರುಗಳನ್ನು ನಡುವೆ ಹಾಗೆಯೇ ಬಿಟ್ಟುಕೊಂಡಿತು; ಪಶ್ಚಿಮ ತೀರದ ಗ್ವಾಯಿ ಹಾನಾಸ್‌ನಲ್ಲಿ ಹೈಡಾ ಜನರೊಂದಿಗೆ ಸೇರಿ ಆಡಳಿತ ನಡೆಸುತ್ತಿದೆ. ನಾಗರಹೊಳೆಯ ಹಾಡಿಗಳಿಂದ ಜೇನುಕುರುಬರನ್ನು ಹೊರಗೆ ಕಳಿಸಿದ ಬಗೆ ಬಲ್ಲ ಕನ್ನಡಿಗರಿಗೆ ಈ ಚರ್ಚೆ ದೂರದ ದೇಶದ್ದು ಅನ್ನಿಸಲಾರದು. ಹಕ್ಕಿ ಉಳಿದದ್ದು ಒಳ್ಳೆಯದಾಯಿತು ಎಂದ ಮಾತ್ರಕ್ಕೆ ಜನರನ್ನು ಎಬ್ಬಿಸಿದ ರೀತಿ ಸರಿಯಾಗುವುದಿಲ್ಲ.

ಇನ್ನೊಂದು ಆಕ್ಷೇಪ ಪ್ರವಾಸಿಯ ಕಡೆಯಿಂದ ಬರುತ್ತದೆ. ವರ್ಷವಿಡೀ ದುಡಿದು ನಾಲ್ಕು ದಿನ ಸಮುದ್ರ ನೋಡಲು ಬಂದವನ ತಲೆಯ ಮೇಲೆ ಮುನ್ನೂರು ವರ್ಷಗಳ ನೋವು ಹೇರಬೇಕೆ? ಹೇರಬೇಕಾಗಿಲ್ಲ. ತಿಳಿದುಕೊಂಡರೆ ಸಂತೋಷ ಕಡಿಮೆಯಾಗುತ್ತದೆ ಎನ್ನುವ ಊಹೆಯನ್ನೇ ನಾನು ಒಪ್ಪುವುದಿಲ್ಲ. ಆಗ್ನೇಯ ನ್ಯೂ ಬ್ರನ್ಸ್‌ವಿಕ್‌ನ ಪುಟೀನ್ ರಾಪೇ ಎಂಬ ತಿನಿಸನ್ನೇ ತೆಗೆದುಕೊಳ್ಳಿ. ಹಸಿ ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಹಿಂಡಿ ನೀರು ತೆಗೆದು, ಬೇಯಿಸಿ ಹಿಸುಕಿದ ಆಲೂಗಡ್ಡೆಯೊಂದಿಗೆ ಕಲಸಿ, ನಡುವೆ ಉಪ್ಪು ಹಾಕಿದ ಹಂದಿಮಾಂಸದ ತುಂಡಿಟ್ಟು ಮುಷ್ಟಿಗಿಂತ ದೊಡ್ಡ ಉಂಡೆ ಕಟ್ಟುತ್ತಾರೆ. ಗಂಟೆಗಟ್ಟಲೆ ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಉಂಡೆ ಬೂದು ಬಣ್ಣಕ್ಕೆ ತಿರುಗಿ, ಮೈಯೆಲ್ಲ ಅಂಟಂಟಾಗಿ, ನೋಡಲು ಆಕರ್ಷಕವಾಗಿ ಇರುವುದಿಲ್ಲ. ಅದನ್ನು ಕೆಲವರು ಸಕ್ಕರೆ ಉದುರಿಸಿಕೊಂಡು, ಕೆಲವರು ಕಾಕಂಬಿ ಹಾಕಿಕೊಂಡು ತಿನ್ನುತ್ತಾರೆ. ಏನೂ ತಿಳಿಯದವನಿಗೆ ಅದು ಒಂದು ವಿಚಿತ್ರ ತಿಂಡಿ, ಫೋಟೊ ತೆಗೆದು ಅರ್ಧಕ್ಕೆ ಬಿಡುವಂಥದ್ದು. ತಿಳಿದವನಿಗೆ ಅದರಲ್ಲಿ ಗೋಧಿಯ ಬಯಲು ಕಳೆದುಕೊಂಡು ಆಲೂಗಡ್ಡೆಯ ತೆಳುನೆಲಕ್ಕೆ ಬಂದು ಬಿದ್ದವರ ಅಡುಗೆಮನೆ ಕಾಣುತ್ತದೆ. ಒಣಮೀನು ಹೊತ್ತ ಹಡಗುಗಳು ಕೆರಿಬಿಯನ್ ದ್ವೀಪಗಳಿಂದ ತಿರುಗಿ ಬರುವಾಗ ಕಾಕಂಬಿ ತರುತ್ತಿದ್ದವು ಎಂಬುದೂ ಆ ತಟ್ಟೆಯಲ್ಲಿದೆ. ಅಂಥವನು ಎರಡನೆಯ ತುತ್ತನ್ನು ಇನ್ನಷ್ಟು ಕುತೂಹಲದಿಂದ ತಿನ್ನುತ್ತಾನೆ ಎಂದೇ ನನ್ನ ನಂಬಿಕೆ.

ಮೂರನೆಯದು ಹೆಚ್ಚು ಸೂಕ್ಷ್ಮ. ಈ ಊರುಗಳು ತಮ್ಮ ಕಥೆಯನ್ನು ಪ್ರವಾಸಿಗಾಗಿಯೇ ಅಲಂಕರಿಸಿ ಇಟ್ಟಿವೆ, ನಿಧಾನವಾಗಿ ನೋಡಿದರೂ ಕಾಣುವುದು ರಂಗಸಜ್ಜಿಕೆಯೇ ಎನ್ನುವವರಿದ್ದಾರೆ. ಗ್ರಾಂ ಪ್ರೇಯ ವಿಷಯದಲ್ಲಿ ಇದರಲ್ಲಿ ನಿಜವಿದೆ. ಅಮೆರಿಕದ ಕವಿ ಲಾಂಗ್‌ಫೆಲೊ ಆ ನೆಲಕ್ಕೆ ಕಾಲಿಡದೆಯೇ 1847ರಲ್ಲಿ ಪ್ರಕಟಿಸಿದ ‘ಇವಾಂಜಲೀನ್’ ಕಾವ್ಯ ಮನೆಮಾತಾಯಿತು. ರೈಲ್ವೆ ಕಂಪನಿ ಆ ಪ್ರದೇಶವನ್ನು ಆ ಕಲ್ಪಿತ ನಾಯಕಿಯ ನಾಡೆಂದು ಜಾಹೀರಾತು ಮಾಡಿ ಪ್ರವಾಸಿಗರನ್ನು ಸೆಳೆಯಿತು. 1920ರಲ್ಲಿ ಅವಳ ಪ್ರತಿಮೆಯೂ ನಿಂತಿತು. ಸೌಮ್ಯ, ಮೌನಿ, ಕಣ್ಣೀರಿನ ಹೆಣ್ಣು: ಹೊರಗಿನವರಿಗೆ ಬೇಕಾಗಿದ್ದದ್ದು ಅಂಥ ಚಿತ್ರ. ಆದರೆ ಬುಕ್‌ಟೂಷ್‌ನಲ್ಲಿ ಹುಟ್ಟಿದ ಆಂಟೊನೀನ್ ಮಾಯೆ 1971ರಲ್ಲಿ ‘ಲಾ ಸಾಗ್ವೀನ್’ ಬರೆದಾಗ ಕಥೆ ಹೇಳುವ ಬಾಯಿ ಬದಲಾಯಿತು. ನೆಲ ಒರೆಸಿ ಜೀವನ ಮಾಡುವ ಮುದುಕಿಯೊಬ್ಬಳು ತನ್ನೂರಿನ ಒರಟು, ಹಳೆಯ ಫ್ರೆಂಚಿನಲ್ಲಿ ದೇವರನ್ನೂ ಸರ್ಕಾರವನ್ನೂ ಜನಗಣತಿಯವರನ್ನೂ ವಿಚಾರಿಸಿಕೊಂಡಳು. 1979ರಲ್ಲಿ, ಗಡೀಪಾರಾದವರು ಗಾಡಿ ಕಟ್ಟಿಕೊಂಡು ಊರಿಗೆ ಮರಳುವ ಕಾದಂಬರಿಗೆ ಮಾಯೆಯವರಿಗೆ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ ಬಂತು. ಇಂದು ಬುಕ್‌ಟೂಷ್‌ನಲ್ಲಿ ಸಾಗ್ವೀನಳ ಲೋಕವನ್ನೇ ಕಟ್ಟಿ ನಾಟಕ, ಸಂಗೀತ ನಡೆಸುತ್ತಾರೆ. ಅದೂ ರಂಗಸಜ್ಜಿಕೆ, ಹೌದು. ಆದರೆ ಅಲ್ಲಿ ಮಾತಾಡುವವರು, ನಗುವವರು, ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕೂರುವವರಲ್ಲಿ ಅನೇಕರು ಆ ತೀರದವರೇ. ಒಂದು ಸಮುದಾಯ ತನಗೆ ತಾನೇ ಹೇಳಿಕೊಳ್ಳುವ ಕಥೆಗೂ ಹೊರಗಿನವರು ಅದಕ್ಕೆ ತೊಡಿಸಿದ ಕಥೆಗೂ ಇರುವ ಅಂತರ ಅರ್ಧ ದಿನ ಕೂತರೆ ಗೊತ್ತಾಗುತ್ತದೆ, ಅರ್ಧ ಗಂಟೆಯಲ್ಲಿ ಆಗುವುದಿಲ್ಲ.

ಅಕಾಡಿಯನ್ನರನ್ನು ಬರಿಯ ನೊಂದವರನ್ನಾಗಿ ನೋಡುವುದೂ ಸರಿಯಲ್ಲ. ಈ ತೀರದ ಮೊದಲ ಜನ ಮಿಕ್‌ಮಾಕರು. ಕೂಶಿಬೂಗ್ವಾಕ್ ಎಂಬ ಹೆಸರೇ ಅವರದ್ದು. ಉದ್ಯಾನದ ದಕ್ಷಿಣಕ್ಕೆ ಅವರ ಎಲ್ಸಿಪೊಗ್ಟಾಗ್ ಎಂಬ ನೆಲೆ ಇದೆ. 1999ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಮಾರ್ಷಲ್ ತೀರ್ಪಿನಲ್ಲಿ ಅವರ ಮೀನುಗಾರಿಕೆಯ ಒಪ್ಪಂದದ ಹಕ್ಕನ್ನು ಎತ್ತಿಹಿಡಿದಾಗ, ಲಾಬ್‌ಸ್ಟರ್ ಬುಟ್ಟಿಗಳನ್ನು ನಾಶ ಮಾಡಿ ಅವರನ್ನು ಎದುರಿಸಿದವರಲ್ಲಿ ಅಕಾಡಿಯನ್ ಮೀನುಗಾರರೂ ಇದ್ದರು. 2020ರಲ್ಲಿ ಸೇಂಟ್ ಮೇರಿ ಕೊಲ್ಲಿಯ ಸೋನಿಯೆರ್‌ವಿಲ್ ಬಂದರುಕಟ್ಟೆಯಲ್ಲಿ ಜಗಳ ಮತ್ತೆ ಎದ್ದಿತು. ನೆಲ ಕಳೆದುಕೊಂಡವರ ಮಕ್ಕಳು ಇನ್ನೊಬ್ಬರ ಹಕ್ಕಿಗೆ ಅಡ್ಡ ನಿಲ್ಲುವುದು ನೋವಿನ ಸಂಗತಿ. ನನ್ನ ವಾದಕ್ಕೆ ಇದರಿಂದ ಪೆಟ್ಟೇನೂ ಬೀಳುವುದಿಲ್ಲ, ಅದು ಇನ್ನೂ ಒಂದು ಪದರ ಕೆಳಗೆ ಇಳಿಯುತ್ತದೆ ಅಷ್ಟೆ: ಖಾಲಿ ಕಾಣುವ ಉದ್ಯಾನದ ಅಡಿಯಲ್ಲಿ ಅಕಾಡಿಯನ್ ಹಳ್ಳಿ, ಹಳ್ಳಿಯ ಅಡಿಯಲ್ಲಿ ಅದಕ್ಕೂ ಹಿಂದಿನ ಮಿಕ್‌ಮಾಕ್ ನೆಲೆ.

ಕೊನೆಗೆ ಸಮಯದ ಪ್ರಶ್ನೆ. ನಿಧಾನವಾಗಿ ತಿರುಗುವುದು ರಜೆಯೂ ದುಡ್ಡೂ ಇರುವವರಿಗೆ ಮಾತ್ರ ಎನ್ನಬಹುದು. ಟೊರಾಂಟೊದಲ್ಲೋ ಬಾಸ್ಟನ್ನಿನಲ್ಲೋ ಕೆಲಸದಲ್ಲಿರುವ ಕನ್ನಡ ಕುಟುಂಬಗಳಿಗೆ ಸಿಗುವುದು ಒಂದು ವಾರ. ಅಷ್ಟರಲ್ಲಿ ಮೂರು ಪ್ರಾಂತ್ಯ, ನಾಲ್ಕು ಉದ್ಯಾನ ಮುಗಿಸಲು ಹೊರಡುತ್ತಾರೆ. ನಿಧಾನಕ್ಕೆ ಹೆಚ್ಚು ದಿನ ಬೇಕಾಗಿಲ್ಲ, ಕಡಿಮೆ ದೂರ ಸಾಕು. ಪೆಟ್ರೋಲ್ ಖರ್ಚೂ ಉಳಿಯುತ್ತದೆ. ಶೆಡಿಯಾಕ್‌ನಿಂದ ಕ್ಯಾರಕೆಟ್‌ಗೆ 11ನೇ ನಂಬರಿನ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಅದೇ ಒಂದು ತುಂಡನ್ನು ಆರಿಸಿಕೊಂಡು ನಾಲ್ಕೈದು ದಿನ ಕೊಟ್ಟರೆ, ಹೆದ್ದಾರಿ ಬಿಟ್ಟು 134ರಂಥ ಹಳೆಯ ತೀರದ ರಸ್ತೆ ಹಿಡಿದರೆ, ಬುಕ್‌ಟೂಷ್‌ನಲ್ಲಿ ಒಂದು ರಾತ್ರಿ, ಕೂಶಿಬೂಗ್ವಾಕ್‌ನಲ್ಲಿ ಎರಡು ರಾತ್ರಿ ತಂಗಿದರೆ ಸಾಕು. ಉದ್ಯಾನದಲ್ಲಿ ಕೆಲ್ಲೀಸ್ ಬೀಚಿನ ಹಲಗೆದಾರಿಗೆ ಹೋಗುವ ಮೊದಲು ಅಲ್ಲಿಂದ ಎದ್ದುಹೋದ ಕುಟುಂಬಗಳ ಬಗ್ಗೆ ಸಂದರ್ಶಕ ಕೇಂದ್ರದಲ್ಲಿ ವಿಚಾರಿಸಬೇಕು. ತಾರೀಕು ಆರಿಸುವ ಅವಕಾಶವಿದ್ದರೆ ಆಗಸ್ಟ್ 15ಕ್ಕೆ ಕ್ಯಾರಕೆಟ್ ತಲುಪುವಂತೆ ಹೊರಡುವುದು ಮೇಲು. 1881ರಲ್ಲಿ ಮೆಮ್ರಮ್‌ಕುಕ್‌ನ ಸಮಾವೇಶ ಆ ದಿನವನ್ನು ಅಕಾಡಿಯನ್ನರ ರಾಷ್ಟ್ರೀಯ ಹಬ್ಬವಾಗಿ ಆರಿಸಿತು. ಅಂದು ಸಂಜೆ 17 ಗಂಟೆ 55 ನಿಮಿಷಕ್ಕೆ, ಗಡೀಪಾರಿನ ವರ್ಷ ನೆನಪಿಸುವ ಆ ಹೊತ್ತಿಗೆ, ಸಾವಿರಾರು ಜನ ಬೀದಿಗಿಳಿದು ತಟ್ಟೆ, ಬೋಗುಣಿ, ತುತ್ತೂರಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾರಿಸುತ್ತಾ ನಾವು ಇನ್ನೂ ಇಲ್ಲೇ ಇದ್ದೇವೆ ಎಂದು ಸಾರುತ್ತಾರೆ. ಈ ಗದ್ದಲಕ್ಕೆ ತ್ಯಾಂತಮಾರ್ ಎನ್ನುತ್ತಾರೆ. ಮುಖ್ಯ ಬೀದಿಯಲ್ಲಿ ಆಗ ಕಾರು ಓಡಾಡುವಂತಿಲ್ಲ. ದೂರದಲ್ಲಿ ನಿಲ್ಲಿಸಿ, ಒಂದು ಪಾತ್ರೆ, ಒಂದು ಸೌಟು ಹಿಡಿದು ನಡೆದೇ ಹೋಗಬೇಕು.